ಯಾರೂ ಬಾರದ ಹಿತ್ತಲು

ಬಾಗಿಲು ತೆಗೆದ ಕೂಡಲೇ ಗ್ಯಾಸ್ ವಾಸನೆ ಮೂಗಿಗೆ ಬಡಿಯಿತು. ಕನ್ನಡಕದಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಣ್ಣು ಪರೀಕ್ಷಿಸಿ ಆಗಷ್ಟೇ ಮನೆಗೆ ಬಂದಿದ್ದ ಅವಳು, ಲೈಟಿನ ಸ್ವಿಚ್ಚಿಗೆ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಉಸಿರು ಬಿಗಿಹಿಡಿದು ಮಬ್ಬುಗತ್ತಲಲ್ಲೇ ಅಡುಗೆಮನೆಗೆ ಹೋಗಿ ಒಲೆಯ ತಿರುಪು ಮುಚ್ಚಿದಳು, ಕಿಟಕಿಗಳನ್ನೆಲ್ಲ ತೆರೆದಳು. ಹೊರಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಬೆಳಿಗ್ಗೆ ಆ ತಿರುಪನ್ನು ಮುಚ್ಚಿ, ಮತ್ತೊಮ್ಮೆ ಮುಟ್ಟಿ ನೋಡಿಯೇ ಹೋಗಿದ್ದಳಲ್ಲ!

ಇದು ಮೊದಲ ಸಲವಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆ ಕಾದು ಮೇಜು ಸುಡುತ್ತಿತ್ತು. ಇನ್ನೊಮ್ಮೆ ನಲ್ಲಿ ಸುರಿದು ನಡುಮನೆ ಕೆರೆಯಾಗಿತ್ತು. ಯಾರೋ ಒಳಗೆ ಬರುತ್ತಿದ್ದಾರೆ ಎಂದು ಹೆದರಿ ಹೋದ ವಾರವಷ್ಟೇ ಬೀದಿಯ ಕಡೆಗೊಂದು, ಹಿತ್ತಲಿಗೊಂದು ಕ್ಯಾಮೆರಾ ಹಾಕಿಸಿದ್ದಳು. "ಏನಾದ್ರೂ ಅಲ್ಲಾಡಿದ್ರೆ ಸಾಕು ಮೇಡಂ, ಫೋನ್ ಕೂಗುತ್ತೆ, ರೆಕಾರ್ಡೂ ಆಗುತ್ತೆ. ಅಲ್ಲಾಡದಿದ್ರೆ ಸುಮ್ನಿರುತ್ತೆ" ಎಂದು ಕಂಪನಿಯವನು ಭರವಸೆ ಕೊಟ್ಟಿದ್ದ. ಅವನು ಏಣಿ ಹತ್ತುವ ಹೊತ್ತಿಗೇ ಅಂಗಡಿಯಿಂದ ಕರೆ ಬಂದು ಅವಳು ಓಡಬೇಕಾಯಿತು. ಉಳಿದದ್ದನ್ನು ಅಕ್ಕ, ಭಾವ ನಿಂತು ಮಾಡಿಸಿ, ತಮ್ಮ ಬಳಿಯಿದ್ದ ಇನ್ನೊಂದು ಕೀಲಿಯಿಂದ ಬೀಗ ಹಾಕಿ ಹೋಗಿದ್ದರು.

ಈಗ ಫೋನು ತೆರೆದು ನೋಡಿದಳು. ಬೀದಿಯ ಕ್ಯಾಮೆರಾದಲ್ಲಿ ತಾನು ಹೋದದ್ದು, ತಾನು ಬಂದದ್ದು. ಹಿತ್ತಲ ಕ್ಯಾಮೆರಾದಲ್ಲಿ ಗೋಡೆಯ ಮೇಲೆ ನಡೆದು ಹೋದ ಒಂದು ಬೆಕ್ಕು. ಹಿಂಬಾಗಿಲು ಚಿತ್ರದ ನಟ್ಟನಡುವೆ ಕಾಣುತ್ತಿತ್ತು, ಅದರ ಹತ್ತಿರ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಯಾರೂ ಬಂದಿಲ್ಲವೆಂದರೆ ಇದೆಲ್ಲ ತನ್ನದೇ ಕೈ ಮಾಡಿದ್ದು! ಕಳ್ಳನಾದರೂ ಬಂದಿರಬಾರದಿತ್ತೇ ಎಂದು ಹಂಬಲಿಸುವ ಗತಿ ಯಾರಿಗೂ ಬೇಡ.

ಅವಳ ಭಯಕ್ಕೆ ಕಾರಣವಿತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಮಂಕು ಕವಿದು, ಬಹುಕಾಲ ಹಾಸಿಗೆ ಬಿಟ್ಟು ಏಳಲಿಲ್ಲ. ಆಗ ಮಗಳು ಪುಟ್ಟಿಯನ್ನು ಸಾಕಿದ್ದು ಮಕ್ಕಳಿಲ್ಲದ ಅಕ್ಕ. ಪುಟ್ಟಿ ಮನೆಗೆ ಮರಳಿದ್ದು ಈಚೆಗೆ. ಈಗಲೂ ಆಗಾಗ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದಳು, ಈ ದಿನವೂ ಹೋಗಿದ್ದಳು.

ಫೋನು ಮಾಡಿದ್ದೇ ತಡ, ಅಕ್ಕ ಓಡಿ ಬಂದು ತಬ್ಬಿಕೊಂಡಳು. ಹಿಂದೆಯೇ ನಿದ್ದೆ ಹೋದ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಭಾವ ಬಂದರು.

"ಬೇಜಾರು ಮಾಡ್ಕೋಬೇಡಮ್ಮ, ನಿಂಗೆ ಮರೆವು ಹೆಚ್ಚಾಗಿದೆ. ಮಗು ಇನ್ನು ನಮ್ಮಲ್ಲೇ ಇರ್ಲಿ. ನನಗೇನು ಕಷ್ಟ? ಇವತ್ತೂ ಸಾಯಂಕಾಲವೆಲ್ಲ ನನ್ನ ಬೆನ್ನ ಮೇಲೇ ಕುದುರೆ ಸವಾರಿ!" ಎಂದರು ಭಾವ.

ಅವಳು ತಲೆ ತಗ್ಗಿಸಿದಳು. "ನಾಳೆ ಅವಳ ಬಟ್ಟೆಬರೆ ಕಟ್ಟಿಕೊಡ್ತೀನಿ ಭಾವ" ಎಂದಳು.

ಅಷ್ಟರಲ್ಲಿ ವಾಸನೆ ಹಿಡಿದು ಬಂದವರು ಮಹಡಿಯ ಬಾಡಿಗೆದಾರರು. ಪತ್ತೇದಾರಿಕೆ ಅವರ ಕಸುಬು. ದಪ್ಪ ಕನ್ನಡಕದೊಳಗಿನ ಆ ಕಣ್ಣುಗಳನ್ನು ನೋಡಿ ಪುಟ್ಟಿ ಅವರಿಗೆ ಗೂಬೆ ಮಾಮ ಎಂದು ಹೆಸರಿಟ್ಟಿದ್ದಳು. ಅವರು ಅದನ್ನು ಬಿರುದಿನಂತೆ ಹೊತ್ತುಕೊಂಡಿದ್ದರು. ಎಲ್ಲವನ್ನೂ ಕೇಳಿ, ಮುರಿಯದ ಹಿಂಬಾಗಿಲ ಬೀಗವನ್ನು ಸವರಿ ನೋಡಿ, "ಬಟ್ಟೆ ಎಲ್ಲಿ ಒಣಹಾಕ್ತೀಯಮ್ಮ?" ಎಂದರು.

ಮನೆ ಹೊತ್ತಿ ಉರಿಯಬೇಕಿದ್ದ ಹೊತ್ತಿನಲ್ಲಿ ಈ ಮನುಷ್ಯನಿಗೆ ಬಟ್ಟೆಯ ಚಿಂತೆ! "ಹಿತ್ತಲಲ್ಲಿ ಸಾರ್, ದಿನಾ ಬೆಳಿಗ್ಗೆ."

"ಇಸ್ತ್ರಿಪೆಟ್ಟಿಗೆ ಕಾದ ದಿನ, ನಲ್ಲಿ ಸುರಿದ ದಿನ ಪುಟ್ಟಿ ಎಲ್ಲಿದ್ಲು?"

"ಪುಣ್ಯಕ್ಕೆ ಅಕ್ಕನ ಮನೇಲಿದ್ಲು."

"ಈ ಫೋನು ಬೆಳಗಿನವರೆಗೆ ನನ್ನ ಹತ್ರ ಇರ್ಲಿ" ಎಂದು ಅವರು ಮೇಲೆ ಹೋದರು. ಆ ರಾತ್ರಿ ಅಕ್ಕ ಅವಳ ಕೈ ಹಿಡಿದುಕೊಂಡೇ ಮಲಗಿದಳು. ಅವಳು ಮಾತ್ರ ತನ್ನ ಇನ್ನೊಂದು ಕೈಯನ್ನು, ಅದು ತಾನಾಗಿಯೇ ಎದ್ದು ಎಲ್ಲಿ ಏನು ಮಾಡಿಬಿಡುವುದೋ ಎಂಬ ದಿಗಿಲಿನಿಂದ, ತಲೆದಿಂಬಿನ ಕೆಳಗೆ ಒತ್ತಿಟ್ಟುಕೊಂಡಿದ್ದಳು.

ಬೆಳಿಗ್ಗೆ ಪುಟ್ಟಿಯನ್ನು ಮಹಡಿಗೆ ತಮ್ಮ ಹೆಂಡತಿಯ ಬಳಿಗೆ ಕಳಿಸಿ, ಗೂಬೆ ಮಾಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ಕ್ಯಾಮೆರಾದವನನ್ನೂ ಕರೆಸಿದ್ದರು. ಫೋನನ್ನು ಮೇಜಿನ ಮೇಲಿಟ್ಟು ಅವಳಿಗೆ ಹೇಳಿದರು, "ಹಿತ್ತಲಿಗೆ ಹೋಗಿ ಒಂದು ಬಟ್ಟೆ ಒಣಹಾಕಿ ಬಾಮ್ಮ."

ಅವಳು ಹೋದಳು, ಟವೆಲು ಕೊಡವಿ ತಂತಿಗೆ ಹಾಕಿದಳು, ಬಂದಳು. ಫೋನಿನ ಪರದೆಯಲ್ಲಿ ಅವಳು ಎಲ್ಲರಿಗೂ ಕಂಡಳು. ಆದರೆ ಫೋನು ಕೂಗಲಿಲ್ಲ. ರೆಕಾರ್ಡ್ ಹುಡುಕಿದರೆ ಅದರಲ್ಲಿ ಅವಳಿಲ್ಲ!

"ನೀವೆಲ್ಲ ಕಳ್ಳನನ್ನ ಹುಡುಕಿದ್ರಿ. ನಾನು ಇವಳನ್ನ ಹುಡುಕಿದೆ" ಎಂದರು ಗೂಬೆ ಮಾಮ. "ದಿನಾ ಹಿತ್ತಲಿಗೆ ಹೋಗೋಳು ವಾರದಲ್ಲಿ ಒಂದು ಸಲವೂ ಸಿಗಲಿಲ್ಲ. ಗೋಡೆ ಮೇಲಿನ ಬೆಕ್ಕು ಸಿಕ್ಕಿತು. ಕ್ಯಾಮೆರಾ ಕೆಟ್ಟಿಲ್ಲ. ಹಾಗಾದ್ರೆ ಏನಪ್ಪ ಇದು?"

ಕ್ಯಾಮೆರಾದವನು ಬೆವರು ಒರೆಸಿಕೊಂಡ. "ಅಲ್ಲಾಟ ಗಮನಿಸಬೇಕಾದ ಜಾಗಕ್ಕೆ ಗೆರೆ ಎಳೀತೀವಿ ಸಾರ್. ಗೋಡೆ ಕಡೆ ಮಾತ್ರ ಇಟ್ಟು, ಬಾಗಿಲು, ಹಿಂದಿನ ಓಣಿಯಿಂದ ಬರೋ ದಾರಿ ಬಿಟ್ಟೆ. ಬಟ್ಟೆ ಹಾರಾಡಿದ್ರೆ ಫೋನ್ ಕೂಗ್ತಾನೇ ಇರುತ್ತೆ, ಇವರು ಮೊದಲೇ ಹೆದರಿದಾರೆ ಅಂತ ಮನೆಯವರೇ ಹೇಳಿದ್ರು."

"ನಾವೇ ಹೇಳಿದ್ದು!" ಭಾವ ಕೆರಳಿದರು. "ಒಳ್ಳೇದಕ್ಕೆ ಹೇಳಿದ್ದೂ ತಪ್ಪಾ ಸ್ವಾಮಿ?"

ಅವಳು ಭಾವನ ಮುಖ ನೋಡಿ ಕುರ್ಚಿಯಲ್ಲೇ ಹಿಂದೆ ಸರಿದಳು. ಮಗುವನ್ನು ಕೇಳಿದ್ದು ಇವರೇ ಅಲ್ಲವೇ?

"ತಪ್ಪಲ್ಲ" ಎಂದರು ಗೂಬೆ ಮಾಮ. "ಆದ್ರೆ ಬೀಗ ಮುರಿಯದೆ ಬಂದವರ ಹತ್ರ ಕೀಲಿ ಇದೆ. ಇನ್ನೊಂದು ಕೀಲಿ ನಿಮ್ಮ ಮನೇಲಿದೆ. ಮೂರು ಅನಾಹುತ ಆಯ್ತು, ಮೂರು ಸಲವೂ ಪುಟ್ಟಿ ಇಲ್ಲಿರಲಿಲ್ಲ. ಇದು ಪುಣ್ಯ ಅಲ್ಲ. ಮಾಡಿದವರಿಗೆ ಮಗುವಿನ ಕೂದಲೂ ಕೊಂಕಬಾರದಿತ್ತು, ಅದು ಎಲ್ಲಿದೆ ಅಂತಲೂ ಗೊತ್ತಿತ್ತು. ಕ್ಯಾಮೆರಾದವನಿಗೆ ಅದು ಗೊತ್ತಿಲ್ಲ. ನಿನ್ನೆ ಸಾಯಂಕಾಲ ನೀವು ಕುದುರೆಯಾಗಿದ್ರಿ. ಆಗ ನಿಮ್ಮ ಮನೆಯವರು ಎಲ್ಲಿದ್ರು?"

"ಅವಳಾ? ಔಷಧಿ ಅಂಗಡಿಗೆ..." ಭಾವನ ಮಾತು ತಟ್ಟನೆ ನಿಂತಿತು.

"ನಲ್ಲಿ ಸುರಿದ ದಿನ?"

ಭಾವ ಹೆಂಡತಿಯ ಕಡೆ ತಿರುಗಿದರು. "ಆ ದಿನವೂ ಮಗು ನನ್ನ ಹತ್ರಾನೇ ಇತ್ತು" ಎಂದರು ಮೆಲ್ಲಗೆ. "ಏನೇ ಇದು?"

ಅಕ್ಕ ಅಳಲಿಲ್ಲ. "ನೀನು ಸಾಯ್ಲಿ ಅಂತಲ್ಲ ಕಣೇ, ಹೆದರ್ಲಿ ಅಂತ" ಎಂದಳು ತಂಗಿಗೆ. "ಪುಟ್ಟಿ ನನ್ನನ್ನ ಅಮ್ಮ ಅಂತಿದ್ಲು. ಈ ಮನೆಗೆ ಬಂದ ವಾರಕ್ಕೇ ದೊಡ್ಡಮ್ಮ ಅಂದ್ಲು. ನಾನು ಯಾರಿಗೆ ಹೇಳ್ಕೊಳ್ಳಲಿ?"

ನಿನ್ನೆ ರಾತ್ರಿಯಿಡೀ ಹಿಡಿದುಕೊಂಡಿದ್ದ ಕೈ ನೆನಪಾಗಿ ಅವಳ ಮೈ ಜುಮ್ಮೆಂದಿತು. ತನ್ನ ಬುದ್ಧಿ ನೆಟ್ಟಗಿದೆ ಎಂಬ ಸಮಾಧಾನವೂ ಆ ಹೊಸ ಭಯದ ಅಡಿಯಲ್ಲಿ ನಲುಗಿಹೋಯಿತು. "ಕೀಲಿ ಇಟ್ಟು ಹೋಗಕ್ಕ" ಎಂದಳು.

ಅವರು ಹೋದ ಮೇಲೆ ಪುಟ್ಟಿ ಮೆಟ್ಟಿಲಿಳಿದು ಬಂದು ತೊಡೆಯೇರಿದಳು.

"ದೊಡ್ಡಮ್ಮ ಮತ್ತೆ ಯಾವಾಗ ಬರ್ತಾರೆ?"

"ಬರಲ್ಲ ಪುಟ್ಟಿ."

"ನಾನಂದ್ರೆ ಅವರಿಗೆ ಇಷ್ಟ ಇಲ್ವಾ?"

ಅವಳು ಮಗಳನ್ನು ಅವುಚಿಕೊಂಡಳು. "ತುಂಬಾ ಇಷ್ಟ" ಎಂದಳು. ಅದು ಸುಳ್ಳಾಗಿದ್ದರೆ ಹೇಳುವುದು ಎಷ್ಟೋ ಸಲೀಸಾಗಿರುತ್ತಿತ್ತು.