ಕನ್ನಡಿ ಕಾಣದ ಗೊಂಬೆ

ಮೀಸೆ ಮುಟ್ಕೊಂಡು ಹೇಳ್ತೀನಿ, ಇದು ನಡೆದಿದ್ದೇ. ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ.

ಬಲು ಹಿಂದೆ ಸುರಗಿನಾಡು ಅಂತ ನಮ್ಮ ರಾಜ್ಯ ಇತ್ತು. ಮರಳು ಎದ್ದು ಅದನ್ನ ನುಂಗಿಬಿಡ್ತು. ಉಳಿದೋರು ಬೆಟ್ಟ ದಾಟಿ ಕರಿಕೋಟೆ ಸೇರಿದ್ವಿ. ಅಲ್ಲಿನ ರಾಜ ಮನೆ ಕೊಟ್ಟ, ಕೆಲಸ ಕೊಟ್ಟ. ಆದ್ರೂ ಗೋಡೆಗೂಡು ಖಾಲಿ. ಊರಿಂದು ಅಂತ ಇಡಕ್ಕೆ ಒಂದು ಚೂರೂ ಇರಲಿಲ್ಲ.

ಆಗ ಒಬ್ಬ ಮುದುಕ ಬುಟ್ಟಿ ಹೊತ್ಕೊಂಡು ಬಂದ. ಬುಟ್ಟಿ ತುಂಬ ಮರದ ಗೊಂಬೆ. ಗಿಳಿ, ಬಸವ, ಬಿಂದಿಗೆ ಹೊತ್ತ ಹೆಂಗಸು. ನಿಮ್ಮೂರ ಕೆರೆ ಏರಿ ಮರದಲ್ಲೇ ಕೆತ್ತಿದ್ದು ಅಂದ. ಮೂಸಿದ್ರೆ ನಮ್ಮೂರ ಮಣ್ಣಿನ ವಾಸನೆ. ಯಾವುದಕ್ಕೂ ಕಣ್ಣಿಲ್ಲ. ನೀವೇ ಬರ್ಕೊಳ್ಳಿ ಅಂದು ಕಾಸು ಈಸ್ಕೊಂಡ.

ಗೊಂಬೆಗೆ ಕಣ್ಣು ಬರೆಯೋವಾಗ ಎದುರಿಗೆ ಕನ್ನಡಿ ಹಿಡಿಯೋದು ನಮ್ಮ ಪದ್ಧತಿ. ಅದು ಮೊದಲು ತನ್ನನ್ನೇ ನೋಡ್ಕೋಬೇಕು. ಇಲ್ಲಾಂದ್ರೆ ಯಾರನ್ನ ನೋಡುತ್ತೋ ಅವರನ್ನ ಇಟ್ಕೊಂಡುಬಿಡುತ್ತೆ. ಊರು ಸಿಕ್ಕಿದ ಖುಷೀಲಿ ಎಲ್ಲಾರೂ ಕನ್ನಡಿ ಮರೆತ್ರು. ಮುದುಕನಿಗೆ ಬೇಕಾಗಿದ್ದೂ ಅದೇ. ಅವನು ಮಾಯಗಾರ.

ಗೂಡಿನ ಮುಂದೆ ನಿಂತೋರು ನಿಂತೇ ಇರೋರು. ಒಲೆ ಮೇಲೆ ಅನ್ನ ಸೀದುಹೋಗೋದು. ಬಿಸಿಲಿಗೆ ಬಂದ್ರೂ ನೆರಳು ಬೀಳದು. ಆಮೇಲೆ ಮನೇಲಿ ಯಾರೂ ಇಲ್ಲ, ಗೊಂಬೆ ಮಾತ್ರ ಒಂದಾಳು ತೂಕ. ಕಿವಿ ಇಟ್ರೆ ಒಳಗೆ ಯಾರೋ ರಾಗಿ ಬೀಸೋ ಸದ್ದು. ಒಬ್ಬೊಬ್ಬರು ಒಳಗೆ ಹೋದಂಗೂ ಮುದುಕನ ನರೆ ಕೂದಲು ಕಪ್ಪಾಗೋದು.

ಕಂಚಿನ ಕನ್ನಡಿ ಉಜ್ಜೋ ಕಾಳಿಂಗನ ಅಕ್ಕ ದ್ಯಾವಮ್ಮನೂ ಹಂಗೇ ಹೋದ್ಲು. ತಾಯಿ ಸತ್ತ ಮೇಲೆ ಅವನ್ನ ಸಾಕಿದೋಳು ಅವಳೇ. ಅಕ್ಕನ್ನ ತರ್ತೀನಿ ಅಂತ ಅವನು ಕನ್ನಡಿ ಹಿಡ್ಕೊಂಡು ಹೊರಟ. ಜೊತೇಲಿ ನಾನು. ಇನ್ಯಾವನಿಗಿತ್ತು ಆ ಎದೆ?

ಮೊದಲನೇ ಮನೇಲಿ ಗಿಳಿ, ಸತ್ತ ಅವ್ವನ ದನೀಲಿ ಅವನ್ನ ಕರೀತು. ಅವನು ಓಗೊಡಲಿಲ್ಲ, ಕನ್ನಡಿ ಹಿಡಿದ. ಗಿಳಿ ತನ್ನನ್ನ ಕಂಡಿದ್ದೇ ತಡ, ಮನೆಯಾತ ಈಚೆ ಬಿದ್ದ. ಎರಡನೇ ಮನೇಲಿ ಬಸವ ಹಾಯಕ್ಕೆ ಬಂತು. ಬಾಲ ಜಗ್ಗಿ ನಿಲ್ಲಿಸಿದೋನು ನಾನು, ಕನ್ನಡಿ ಹಿಡಿದೋನು ಅವನು. ಗಂಡ ಹೆಂಡ್ತಿ ಇಬ್ಬರೂ ಈಚೆ ಬಿದ್ರು. ಮೂರನೇದು ಅಕ್ಕನ ಗೊಂಬೆ. ಅದು ಬಿಂದಿಗೆ ಕೆಳಗಿಟ್ಟು, ಎರಡೂ ಕೈಲಿ ಕಣ್ಣು ಮುಚ್ಕೊಂಡಿತ್ತು.

“ಕನ್ನಡಿ ತೆಗಿಯೋ ತಮ್ಮಾ,” ಒಳಗಿಂದ ಅಕ್ಕ ಅಂದ್ಲು. “ಊರಿಗೆ ಬಂದಿದೀನಿ. ಅವ್ವನೂ ಇಲ್ಲೇ ಅವ್ಳೆ. ನೀನೂ ಬಂದುಬಿಡು.”

“ಅವ್ವನ ಮೊಕ ಹೆಂಗೈತಕ್ಕ?”

ರಾಗಿ ಬೀಸೋ ಸದ್ದು ನಿಂತೋಯ್ತು.

“ನನ್ನ ಮೊಕ ಕಣೋ,” ಅಂದ್ಲು. “ಅವ್ವಂಗೂ ನನ್ನದೇ ಮೊಕ. ಬಾವಿಕಟ್ಟೆ ಮೇಲೆ ಕೂತೋರಿಗೆಲ್ಲಾ ನನ್ನದೇ ಮೊಕ. ಎಲ್ಲಾರೂ ನನ್ನನ್ನೇ ನೋಡ್ತಾವ್ರೆ.”

ಇರದೆ ಇನ್ನೇನು? ಆ ಗೊಂಬೆ ಕಂಡಿದ್ದು ಅವಳೊಬ್ಬಳನ್ನೇ.

“ಹಿಡಿಯೋ ಕನ್ನಡಿ,” ಅಂದ್ಲು.

ಗೊಂಬೆಯ ಕೈ ಮೆಲ್ಲಗೆ ಕೆಳಗಿಳೀತು.

ಅಕ್ಕ ಈಚೆ ಬಂದ ಗಳಿಗೇಲೇ ಮಾಯೆ ಮುರೀತು, ಮುದುಕ ಸಂತೇಬೀದೀಲಿ ನಿಂತಂಗೇ ಮರ ಆದ. ಮೊಕದಲ್ಲಿ ಕಣ್ಣಿಲ್ಲ. ಬರೆಯಕ್ಕೆ ಯಾರೂ ಹೋಗಲಿಲ್ಲ. ಒಳಗೆ ಹೋದೋರೆಲ್ಲಾ ವಾಪಸ್ ಬಂದ್ರು, ಉಂಡ್ರು, ಸುಖವಾಗಿ ಬಾಳಿದ್ರು. ಗೊಂಬೆ ಮಾತ್ರ ಯಾರೂ ಬಿಸಾಕಲಿಲ್ಲ.

ನನ್ನ ಗೂಡಲ್ಲೂ ಆ ಮುದುಕನ ಹತ್ರ ಕೊಂಡ ಒಂದು ಕುದುರೆ ಐತೆ. ಕಣ್ಣು ಬರೆಯಕ್ಕೆ ಪುರುಸೊತ್ತಾಗಲಿಲ್ಲ. ದಿನಾ ಬೆಳಗ್ಗೆ ಎತ್ತಿ ಮೂಸ್ತೀನಿ. ಬರೀ ಮರದ ವಾಸನೆ. ಅದಕ್ಕೆ ನಾನು ಕೊಟ್ಟು ಕಳ್ಕೊಂಡಿದ್ದು ಒಂದು ವರಹ, ಆರು ಹಣ.