ಹೊಗೆ ಮುಚ್ಚಿದ ಮನೆ

"ನಮ್ಮನೆ ಎಲ್ರೀ?"

ಟಾಮ್ಸಿನ್ ಪತ್ರದ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು. ಉಕ್ಕಿನ ತಗಡಿನಲ್ಲಿ ಚಿತ್ರ ಕೊರೆಯುತ್ತಿದ್ದ ಜೇಬೆಜ್ ತಲೆಯನ್ನೇ ಎತ್ತಲಿಲ್ಲ.

ಕಾಗದದ ನೆತ್ತಿಯಲ್ಲಿ ಅವನೇ ಕೊರೆದು ಅಚ್ಚು ಹಾಕಿದ ವೆನ್‌ಕೂಂಬ್ ಊರಿನ ಚಿತ್ರವಿತ್ತು. ಇಂಗ್ಲೆಂಡಿನ ಆ ಪುಟ್ಟ ಕಡಲೂರು, ಚರ್ಚಿನ ಗೋಪುರ, ಹೊಸದಾಗಿ ಬಂದ ರೈಲು. ಬೇಸಿಗೆ ಕಳೆಯಲು ಬಂದವರೆಲ್ಲ ಆ ಕಾಗದದಲ್ಲೇ ಮನೆಗೆ ಪತ್ರ ಬರೆದು, ತಾವು ಇಳಿದುಕೊಂಡ ಕಿಟಕಿಯ ಮೇಲೊಂದು ಕತ್ತರಿ ಗುರುತು ಹಾಕುತ್ತಿದ್ದರು. ನೆಂಟರಿಷ್ಟರು ಅದನ್ನು ನೋಡಿ ಅದೇ ಮನೆ ಕೇಳಿಕೊಂಡು ಬರುತ್ತಿದ್ದರು. ಟಾಮ್ಸಿನ್ ಬಾಡಿಗೆಗೆ ಕೊಡುವ ಮನೆ ಮಾತ್ರ ಆ ಚಿತ್ರದ ರೈಲಿನ ಹೊಗೆಯಲ್ಲಿ ಮುಳುಗಿಹೋಗಿತ್ತು! ಈ ಬೇಸಿಗೆಯೂ ಕೋಣೆಗಳು ಖಾಲಿ ಬಿದ್ದರೆ, ಅಪ್ಪ ಬಿಟ್ಟುಹೋದ ಮನೆಯನ್ನು ಮಾರಿ ಅವಳು ಯಾರದೋ ಅಡುಗೆಮನೆ ಸೇರಬೇಕಿತ್ತು.

"ರೈಲಂದ್ಮೇಲೆ ಹೊಗೆ ಇರುತ್ತೆ," ಎಂದ ಜೇಬೆಜ್.

"ಆ ಹೊಗೆಗೆ ನಮ್ಮನೇನೇ ಬೇಕಿತ್ತಾ? ಸೇಡು ತೀರಿಸ್ಕೊಂಡ್ರಿ, ಅಲ್ವಾ?"

ಸೇಡಿಗೆ ಕಾರಣವೇನೋ ಇತ್ತು. ಹೋದ ವರ್ಷ ಅವನು ಅವಳ ಮನೆಯೆದುರು ಕೂತು, ನೋಡಿ ನೋಡಿ ಗೀಚುತ್ತಿದ್ದ. ಹಳಿ ಹಾಕಲು ಮನೆ ಕೆಡವುವವರ ಅಳತೆಗಾರ ಇವನೇ ಎಂದುಕೊಂಡು, ಮೀನು ತೊಳೆದ ನೀರನ್ನು ಬಕೆಟ್ಟಿನಷ್ಟೂ ಅವನ ತಲೆಗೆ ಸುರಿದಿದ್ದಳು. ಕೋಪವೆಂಬುದು ಅವಳಿಗೆ ಮೂಗಿನ ತುದಿಯಲ್ಲೇ! ನಿಜ ಗೊತ್ತಾದ ಮೇಲೂ ಕ್ಷಮೆ ಕೇಳಿರಲಿಲ್ಲ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ.

ಹೊಟ್ಟೆ ಮೇಲೆ ಹೊಡೆಯುವ ಕಸುಬು ನಿಮ್ಮದು ಎಂದು ಅವಳು ಬಾಯಿಗೆ ಬಂದಂತೆ ಬೈದಳು. ಅವನು ಎದ್ದು, ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದು ಅವಳ ಮುಂದಿಟ್ಟ.

"ಹೊಗೆ ಹಾಕೋಕ್ಮುಂಚೆ ತೆಗೆದ ಅಚ್ಚು. ನೋಡ್ಬಿಟ್ಟು ಬೈಯಿರಿ."

ಅವಳ ಮನೆ! ಹೆಂಚು ಹೆಂಚೂ ಕಾಣುತ್ತಿತ್ತು. ಊರ ತುಂಬ ಇರುವೆಯಂಥ ಪುಟ್ಟ ಜನ, ಯಾರಿಗೂ ಮುಖವಿಲ್ಲ... ಬಾಗಿಲಲ್ಲಿ ಬಕೆಟ್ ಹಿಡಿದು ನಿಂತವಳಿಗೆ ಮಾತ್ರ ಮುಖವಿತ್ತು. ಅವಳದೇ ಮುಖ.

"ಈ ಕಾಗದ ಮಾರೋ ಅಂಗಡಿಯವರು ನೋಡಿ ನಕ್ಕರು, ಇವಳೊಬ್ಬಳಿಗೆ ಯಾಕಯ್ಯಾ ಮುಖ ಅಂತ. ಒಂಟಿ ಹೆಣ್ಣು ನೀವು, ಊರು ಸುಮ್ನಿರುತ್ತಾ? ಅಳಿಸೋಕೆ ಕೈ ಬರಲಿಲ್ಲ... ಹೊಗೆ ಹಾಕಿದೆ. ನಿಮ್ಮ ಹೊಟ್ಟೆಪಾಡು ನಂಗೆ ಹೊಳೀಲೇ ಇಲ್ಲ. ತಪ್ಪಾಯ್ತು."

'ಹಾಗಾದರೆ ಅಂದು ಇವನು ನೋಡುತ್ತಿದ್ದದ್ದು ಮನೆಯನ್ನಲ್ಲ...' ಟಾಮ್ಸಿನ್ ಆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಿಗುಮಾನ ಮಾತ್ರ ಬಿಡಲಿಲ್ಲ.

"ಹೊಗೆ ತೆಗೀರಿ."

"ತಗಡು ಉಜ್ಜಿ ಮತ್ತೆ ಕೊರೀತೀನಿ. ಆದ್ರೆ ನೀವು ಕಾಣಿಸ್ತೀರಿ. ಊರು ಆಡ್ಕೊಳ್ಳುತ್ತೆ."

"ಆಡ್ಕೊಳ್ಳದ ಹಾಗೆ ಮಾಡಿದ್ರಾಯ್ತು."

ಅವಳು ಲೇಖನಿ ಅದ್ದಿ ಕತ್ತರಿ ಗುರುತು ಹಾಕಿದಳು. ಕಿಟಕಿಯ ಮೇಲಲ್ಲ, ಬಾಗಿಲಲ್ಲಿ ನಿಂತವಳ ಪಕ್ಕದಲ್ಲಿ.

"ಯಾರ ಗುರುತು ಇದು?" ಅವನು ಹಾಳೆಯ ಮೇಲೆ ಬಾಗಿದ.

"ನಿಮ್ದೇ. ಇನ್ಮುಂದೆ ಎಲ್ಲಿರ್ತೀರಿ ಅಂತ ಇದ್ರಲ್ಲೇ ನಿಮ್ಮಮ್ಮನಿಗೆ ಬರೀರಿ, ಮದುವೆಗೂ ಕರೀರಿ."

ಅವನು ಆ ಹಾಳೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದ.

"ಬಕೆಟ್ಟು ಅಳಿಸಲಾ?"

"ಇರ್ಲಿ ಬಿಡಿ. ಬೇಕಾಗುತ್ತೆ."