ಹಣೆಯ ಹಿಂದಿನ ದೀಪ

ಎಷ್ಟೋ ಕಾಲದ ಹಿಂದೆ, ಬೆಟ್ಟಗಳ ನಡುವೆ ಚಂದ್ರಗಾವಿ ಎಂಬ ರಾಜ್ಯವಿತ್ತು. ಅಲ್ಲಿ ಪ್ರತಿಯೊಬ್ಬರ ಹಣೆಯ ಹಿಂದೆಯೂ ಒಂದು ಪುಟ್ಟ ದೀಪ ಉರಿಯುತ್ತಿತ್ತು. ‘ತಡಿ, ಇನ್ನೊಂದು ದಾರಿ ನೋಡು’ ಎಂದು ಹೇಳುವುದೇ ಆ ದೀಪದ ಕೆಲಸ.

ಜಡಕೇತು ಎಂಬ ಮಾಂತ್ರಿಕ ಒಂದು ದಿನ ಆ ದೀಪಗಳನ್ನೆಲ್ಲ ಕದ್ದು, ಬೆಟ್ಟದ ಗುಹೆಯಲ್ಲಿ ಗಾಜಿನ ಕೊಡದೊಳಗೆ ಬಚ್ಚಿಟ್ಟ. ಹೊಳೆಯಾಚೆಯ ಅಜ್ಜಿಮನೆಗೆ ಹೋಗಿದ್ದ ನೇಕಾರರ ಹುಡುಗಿ ಸಂಪಿಯ ದೀಪವೊಂದೇ ಉಳಿಯಿತು. ಅವಳು ಮರಳಿ ಬಂದು ನೋಡಿದರೆ, ರಾಜ ಗೋಡೆಗೆ ಡಿಕ್ಕಿ ಹೊಡೆದು ಮತ್ತೆ ಅದೇ ಗೋಡೆಯತ್ತ ನಡೆಯುತ್ತಿದ್ದ. ಅಣ್ಣ ಮಾಚ ಸೀದು ಕರಕಲಾದ ಗಂಜಿಯನ್ನು ತಿರುವುತ್ತಲೇ ಇದ್ದ. ಅಂಗೈ ತುಂಬ ಬೊಬ್ಬೆ.

“ಸಾಕು ಬಿಡೋ ಅಣ್ಣಾ!”

“ಬಿಡಬೇಕು ಅಂತ ಗೊತ್ತು ಸಂಪಿ. ಬಿಡೋಕೆ ಆಗ್ತಿಲ್ಲ,” ಎಂದು ಮಾಚ ಅತ್ತುಬಿಟ್ಟ.

ಗುಹೆಯಲ್ಲಿ ದೀಪಗಳು ಮಿನುಗುವುದನ್ನು ಕಂಡು ಸಂಪಿ ಬೆಟ್ಟ ಹತ್ತಿದಳು. ಗುಹೆಯ ಮೊದಲ ಬಾಗಿಲಲ್ಲಿ ಕೋಡಿನ ಸಿಂಹ. ಕೈಮುಗಿದಳು, ಅದು ದಾರಿ ಬಿಟ್ಟಿತು. ಎರಡನೆಯ ಬಾಗಿಲಲ್ಲಿ ಬೆಂಕಿಹಾವು. ಅಲ್ಲೂ ಕೈಮುಗಿದಳು, ಭುಸ್ಸೆಂದು ಅವಳ ಜಡೆಯ ತುದಿ ಸುಟ್ಟಿತು!

“ಓಹೋ, ನಿನಗೆ ನಮಸ್ಕಾರ ಬೇಡವೇನು?” ಎಂದು ಹಿಂದೆ ಸರಿದು ನೋಡಿದಳು. ಹಾವಿನ ಹೆಡೆ ತೂಗುತ್ತಿತ್ತು. ಅವಳು ಹಾಡಿದಳು, ಹಾವು ಕುಣಿಯುತ್ತ ಪಕ್ಕಕ್ಕೆ ಸರಿಯಿತು. ಮೂರನೆಯ ಬಾಗಿಲಲ್ಲಿ ಆನೆಗಾತ್ರದ ಗೂಬೆ. ಹಾಡು ತುಟಿಗೆ ಬಂದೇಬಿಟ್ಟಿತ್ತು. ತಡೆದುಕೊಂಡು ನೋಡಿದಳು: ಗೂಬೆ ಗೊರಕೆ ಹೊಡೆಯುತ್ತಿದೆ! ತುದಿಗಾಲಲ್ಲಿ ದಾಟಿದಳು.

ಒಳಗೆ ಜಡಕೇತು ಕೊಡ ತಬ್ಬಿ ಕುಳಿತಿದ್ದ. “ನಿನ್ನಣ್ಣನ ದೀಪ ಈಗಲೇ ಕೊಡ್ತೀನಿ, ತಗೊಂಡು ಓಡು. ಎಲ್ಲಾ ಬೇಕು ಅಂದ್ರೆ ಒಂದೂ ಸಿಗಲ್ಲ.”

ಬೊಬ್ಬೆ ಎದ್ದ ಮಾಚನ ಅಂಗೈ ಕಣ್ಣಿಗೆ ಕಟ್ಟಿತು. ‘ಆಗಲಿ’ ಎನ್ನಬೇಕೆನ್ನಿಸಿತು. ಆದರೆ ಉಳಿದವರ ಗತಿ? ಅಷ್ಟರಲ್ಲಿ, ಅವಳು ಒಪ್ಪಿದಳೆಂದುಕೊಂಡು, ದೀಪ ತೆಗೆಯಲು ಜಡಕೇತು ಮುಚ್ಚಳ ತೆರೆದ. ಸಂಪಿ ಕೈ ಚಾಚಲಿಲ್ಲ, ಕಾಲು ಬೀಸಿ ಕೊಡವನ್ನೇ ಉರುಳಿಸಿದಳು!

ದೀಪಗಳು ಮಿಂಚುಹುಳುಗಳಂತೆ ಹಾರಿಹೋದವು. ಜಡಕೇತುವಿಗೆ ಬರುತ್ತಿದ್ದುದು ಒಂದೇ ಮಂತ್ರ. ಅದನ್ನೇ ಕೂಗಿದ, ಇನ್ನೂ ಜೋರಾಗಿ ಕೂಗಿದ, ಕೂಗಿ ಕೂಗಿ ಕರಗಿ ಗುಹೆಯ ಮಾರ್ದನಿಯಾಗಿಬಿಟ್ಟ.

ಕೆಳಗೆ ರಾಜ ಗೋಡೆಗೆ ಬೆನ್ನು ಹಾಕಿ ನಕ್ಕ. ಮಾಚ ಸೌಟು ಬಿಟ್ಟು ತಂಗಿಯನ್ನು ಎತ್ತಿ ತಿರುಗಿಸಿದ. ಹಬ್ಬಕ್ಕೆ ಹೋಳಿಗೆಯೋ ಪಾಯಸವೋ ಎಂದು ಊರವರೆಲ್ಲ ಮಧ್ಯಾಹ್ನವಿಡೀ ಮನಸ್ಸು ಬದಲಿಸಿ ಬದಲಿಸಿ, ಕೊನೆಗೆ ಎರಡನ್ನೂ ಉಂಡು, ಸುಖವಾಗಿ ಬಾಳಿದರು.